ಬಾಗಿಲು ಮುಚ್ಚುವ ಮುಂಚಿನ ಮೌನ

ಟಿಕ್.

ಅಷ್ಟೇ. ಒಂದು ಅಕ್ಕಿಕಾಳು ತಗಡಿನ ತಟ್ಟೆಗೆ ಬಿದ್ದರೆ ಬರುವಷ್ಟು ಸದ್ದು. ನಡುರಾತ್ರಿ ಕಳೆದು ಬಹಳ ಹೊತ್ತಾಗಿತ್ತು. ನೌಕೆಯೊಳಗೆ ಮಂಡಿಯೂರಿ ಕೂತು ನಾಲ್ಕನೆಯ ಗಗನಯಾತ್ರಿಯ ಭುಜದ ಪಟ್ಟಿ ಬಿಗಿಯುತ್ತಿದ್ದ ವರ್ಲೀನ್ ಗ್ಯಾಸ್ಕಿನ್ಸಳ ಕೈ ಹಾಗೇ ನಿಂತಿತು. ಸದ್ದು ಬಂದದ್ದು ಸೀಟುಗಳ ಹಿಂದಿನಿಂದ, ಕೆಳಗಿನಿಂದ.

"ಏನಾಯ್ತು ಮಿಸ್ ವರ್ಲೀನ್, ಪಟ್ಟಿ ಸಿಕ್ಕಾಕ್ಕೊಳ್ತಾ?" ಅಂದ ಎಲಿಯಾಸ್. ಅವನಿಗೆ ಇದು ಮೊದಲ ಪಯಣ. ಆಕಾಶ ನೋಡಿಕೊಂಡು ಅಂಗಾತ ಮಲಗಿದ್ದ ಅವನಿಗೆ ಕತ್ತು ತಿರುಗಿಸುವುದಕ್ಕೂ ಆಗುತ್ತಿರಲಿಲ್ಲ.

"ಇಲ್ಲ ಇಲ್ಲ. ಒಂದ್ಸಲ ಉಸಿರು ಪೂರ್ತಿ ಒಳಗೆ ತಗೊಳ್ಳಿ. ಹ್ಞಾ, ಈಗ ಬಿಡಿ."

ಪಟ್ಟಿ ಬಿಗಿದಳು. ಬಿಗಿಯುತ್ತಲೇ ಎಡಗೈಯಿಂದ ತನ್ನ ಮೈ ತಡವಿಕೊಂಡಳು. ಮಣಿಕಟ್ಟಿಗೆ ಕಟ್ಟಿದ ಟಾರ್ಚು ಇದೆ. ಸೊಂಟಕ್ಕೆ ಕಟ್ಟಿದ ಕತ್ತರಿ ಇದೆ, ಕನ್ನಡಿಯ ಕೋಲು ಇದೆ. ಕನ್ನಡಕದ ದಾರ ಕತ್ತಿನ ಹಿಂದೆ ಗಂಟು ಹಾಕಿದ ಹಾಗೇ ಇದೆ. ಈ ಎತ್ತರಕ್ಕೆ ಹತ್ತುವವರು ಯಾರೂ ಮೈಗೆ ಕಟ್ಟದ ಸಾಮಾನು ತರುವಂತಿಲ್ಲ. ಗಡಿಯಾರ, ಓಲೆ, ಉಂಗುರ ಎಲ್ಲ ಕೆಳಗೆ ಲಿಫ್ಟಿನ ಪಕ್ಕದ ಡಬ್ಬಿಯಲ್ಲಿ. ಬಿಳಿ ಮೇಲಂಗಿಗಳ ಜೇಬನ್ನೂ ಹೊಲಿದುಬಿಟ್ಟಿರುತ್ತಾರೆ, ಹೊಲಿದವಳು ಅವಳೇ.

ಹಾಗಾದರೆ ಬಿದ್ದದ್ದೇನು?

ಉಡಾವಣೆಗೆ ನಿಂತ ನೌಕೆ ಬಾಲದ ಮೇಲೆ ನಿಂತಿರುತ್ತದೆ. ಹಿಂದಿನ ಗೋಡೆ ಆಗ ನೆಲವಾಗುತ್ತದೆ. ಬಿದ್ದದ್ದೆಲ್ಲ ಸೀಟುಗಳ ಸಂದಿಯಲ್ಲಿ ಇಳಿದು ಆ ಗೋಡೆ ಸೇರುತ್ತದೆ. ಭೂಮಿಯ ಮೇಲಿರುವ ತನಕ ಅದು ಅಲ್ಲೇ ತೆಪ್ಪಗೆ ಬಿದ್ದಿರುತ್ತದೆ. ಮೇಲೆ ಹೋದ ಮೇಲೆ ಏಳುತ್ತದೆ, ತೇಲುತ್ತದೆ. ಸ್ವಿಚ್ಚಿನ ಸಂದಿಗೆ ಹೋಗಬಹುದು, ಒಬ್ಬರ ಕಣ್ಣಿಗೆ ಹೋಗಬಹುದು. ಲೋಹದ್ದಾಗಿದ್ದರೆ ಎರಡು ತಂತಿಗಳ ನಡುವೆ ಹೋಗಿ ಕೂರಬಹುದು. ವರ್ಲೀನಳ ತಲೆಯಲ್ಲಿ ಇವೆಲ್ಲ ಒಂದರ ಹಿಂದೆ ಒಂದು ಓಡಿದವು. ಅವಳ ತಲೆ ಇರುವುದೇ ಹಾಗೆ. ಮನೆಯ ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸಿದವಳು. "ಇರುವೆ ಕೆಮ್ಮಿದ್ರೂ ನಿಂಗೆ ಕೇಳುತ್ತಲ್ಲೇ" ಎಂದು ತಾಯಿ ಹಂಗಿಸುತ್ತಿದ್ದರು.

ಬಾಗಿಲಲ್ಲಿ ಸಾಮಾನು ಕೊಡುತ್ತ ತೆಗೆದುಕೊಳ್ಳುತ್ತ ನಿಂತಿದ್ದವನು ರಸ್ಟಿ ಬೋಟ್‌ರೈಟ್. ಅವನ ಸಾಮಾನುಗಳನ್ನೂ ಕಣ್ಣಲ್ಲೇ ನೋಡಿದಳು. ಎಲ್ಲ ಅವನ ಮೈಮೇಲೇ ನೇತಾಡುತ್ತಿದ್ದವು. ಇನ್ನು ಉಳಿದವರು ಈ ಮೂವರ ತಂಡದ ಹಿರಿಯರು, ಹಾರ್ಲನ್ ಟಿಬೆಟ್ಸ್.

ಅವರ ಕಡೆ ನೋಡುತ್ತಿದ್ದಂತೆ ವರ್ಲೀನಳಿಗೆ ನೆನಪಾಯಿತು.

ಸ್ವಲ್ಪ ಹೊತ್ತಿನ ಹಿಂದೆ ಕಮಾಂಡರ್ ಮಾರ್ಗೋ ಡೆಲೇನಿಯ ಸೊಂಟದ ಪಟ್ಟಿ ತಿರುಚಿಕೊಂಡಾಗ ಹಾರ್ಲನ್ ಬಾಗಿಲಿನಿಂದ ಒಳಗೆ ಬಾಗಿ ಅದನ್ನು ಸರಿ ಮಾಡಿದ್ದರು. ಬಾಗಿದಾಗ ತಲೆಯ ಮೇಲಿನ ಹೆಡ್‌ಫೋನು ಜಾರಿತ್ತು. ಅದನ್ನು ಮತ್ತೆ ಏರಿಸಿಕೊಳ್ಳುವಾಗ ಅದರ ಪಟ್ಟಿ ಅವರ ಎಡಗಿವಿಯನ್ನು ಉಜ್ಜಿಕೊಂಡು ಹೋದದ್ದನ್ನು ಅವಳು ನೋಡಿದ್ದಳು. ಆ ಕಿವಿಯೊಳಗೆ, ಬಿಳಿ ಟೋಪಿಯ ಮರೆಯಲ್ಲಿ, ಕಿವಿ ಕೇಳಿಸುವ, ಮೈಬಣ್ಣದ್ದೇ ಒಂದು ಸಣ್ಣ ಮಿಷನ್ನು ಇದೆ ಎಂದು ಇಡೀ ಉಡಾವಣಾ ತಾಣದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅವಳಿಗೆ ಗೊತ್ತಿದೆ ಎಂದು ಹಾರ್ಲನ್ನರಿಗೂ ಗೊತ್ತಿರಲಿಲ್ಲ.

ಅದು ಅವಳಿಗೆ ತಿಳಿದದ್ದು ಅವರದೇ ಒಂದು ಪದ್ಧತಿಯಿಂದ.

ಬಾಗಿಲು ಮುಚ್ಚುವ ಮುಂಚೆ ಒಂದುಸಿರಿನ ಹೊತ್ತು ಎಲ್ಲರೂ ಸುಮ್ಮನಾಗಬೇಕು. ಯಾವ ನಿಯಮಾವಳಿಯಲ್ಲೂ ಇದು ಇಲ್ಲ, ಹಾರ್ಲನ್ ಮಾಡಿಟ್ಟದ್ದು. ಅವರು ಕೈ ಎತ್ತುತ್ತಾರೆ. ಒಳಗೆ ಮಲಗಿದ ನಾಲ್ವರು, ಹೊರಗೆ ನಿಂತ ಮೂವರು, ಎಲ್ಲರೂ ಉಸಿರು ಹಿಡಿದು ನೌಕೆಯನ್ನು ಕೇಳುತ್ತಾರೆ. ಫ್ಯಾನುಗಳ ಗುಂಯ್ ಸದ್ದು, ಪಂಪಿನ ಮೆಲುದನಿ. ಅದರಲ್ಲಿ ಬೇಡದ ಸದ್ದು ಸೇರಿದೆಯೇ? "ಕಾಗದದ ಮೇಲೆ ಎಲ್ಲಾ ಸರಿ ಇರುತ್ತೆ. ಅವಳೇನಂತಾಳೆ ಕೇಳಿ" ಎನ್ನುತ್ತಿದ್ದರು. ಅವಳು ಅಂದರೆ ನೌಕೆ, ಪೆಲಿಕನ್. ಹಿಂದೆಲ್ಲ ಆ ಮೌನದಲ್ಲಿ ಹಾರ್ಲನ್ ಕಣ್ಣು ಮುಚ್ಚಿ ಬಾಗಿಲ ಚೌಕಟ್ಟಿಗೆ ತಲೆ ಆನಿಸುತ್ತಿದ್ದರು. ಹೋದ ಸಲದ ಉಡಾವಣೆಯಲ್ಲಿ ಮಾತ್ರ ಅವರು ಕಣ್ಣು ಮುಚ್ಚಲಿಲ್ಲ, ವರ್ಲೀನಳ ಮುಖವನ್ನೇ ನೋಡುತ್ತಿದ್ದರು. ಅವಳ ಮುಖ ನೆಟ್ಟಗಿದೆ ಎಂದು ಕಂಡ ಮೇಲೆ ಕೈ ಇಳಿಸಿದರು. ಅವತ್ತಿನಿಂದ ಅವಳು ಗಮನಿಸತೊಡಗಿದಳು. ಊಟದ ಮೇಜಿನಲ್ಲಿ ಬಲಗಡೆ ತಿರುಗಿ ಕೂರುವುದು, ಎಡಗಡೆಯಿಂದ ಕರೆದರೆ ಓಗೊಡದೆ ನಗುವುದು. ಒಂದು ದಿನ ಟೋಪಿ ತೆಗೆದು ಬೆವರು ಒರೆಸಿಕೊಳ್ಳುವಾಗ ಆ ಮಿಷನ್ನೂ ಕಂಡಿತು. ಅವಳು ಮಾತಾಡಲಿಲ್ಲ. ಮುಂದಿನ ತಿಂಗಳು ನಿವೃತ್ತಿ, ಇದೇ ಅವರ ಕೊನೆಯ ಉಡಾವಣೆ. ಬಲಗಿವಿ ಚೆನ್ನಾಗಿದೆ, ಹೆಡ್‌ಫೋನು ಇರುವುದೂ ಬಲಗಿವಿಗೇ. ಪರವಾಗಿಲ್ಲ, ನಾನಿದ್ದೇನಲ್ಲ, ಕೇಳಿಸಿಕೊಳ್ಳುತ್ತೇನೆ ಎಂದುಕೊಂಡಿದ್ದಳು.

ಕೇಳಿಸಿಕೊಂಡದ್ದೂ ಆಗಿತ್ತು.

"ನಾಲ್ಕೂ ಜನ ರೆಡಿನಾ?" ಹಾರ್ಲನ್ ಬಾಗಿಲಿನಿಂದ ಕೇಳಿದರು. ಎತ್ತರದ ಆಳು, ಬೆಳ್ಳಗಿನ ಹುಬ್ಬು.

"ರೆಡಿ" ಅಂದಳು ಮಾರ್ಗೋ. "ಮಿಸ್ಟರ್ ಹಾರ್ಲನ್, ಈ ಸೀಟು ಹೋದ ಸಲಕ್ಕಿಂತ ಚಿಕ್ಕದಾಗಿದೆ. ಯಾರೋ ಕುಗ್ಗಿಸಿದ್ದಾರೆ."

"ಸೀಟು ಅಷ್ಟೇ ಇದೆ ಕಮಾಂಡರ್. ನಿನ್ನೆ ರಾತ್ರಿ ಹಂದಿಮಾಂಸ ಮೂರನೇ ಸಲ ಹಾಕಿಸ್ಕೊಂಡವರು ಯಾರು ಅಂತ ನಾನು ಹೇಳಲ್ಲ."

"ಹೇಳಿದ ಹಾಗೇ ಆಯ್ತಲ್ಲ!"

ಒಳಗೆ ನಾಲ್ವರೂ ನಕ್ಕರು. ಇಂಥ ನಗು ಹಾರ್ಲನ್ ಬೇಕೆಂದೇ ಎಬ್ಬಿಸುವುದು. ನಗುವಾಗ ಎದೆ ಅಗಲವಾಗುತ್ತದೆ, ಪಟ್ಟಿ ಎಲ್ಲಾದರೂ ಚುಚ್ಚಿದರೆ ಆಗಲೇ ಗೊತ್ತಾಗುತ್ತದೆ. ಅವಳಿಗೆ ಕೆಲಸ ಕಲಿಸುವಾಗ ಹೇಳಿಕೊಟ್ಟಿದ್ದರು.

ವರ್ಲೀನ್ ತೆವಳಿಕೊಂಡು ಹೊರಗೆ ಬಂದಳು. ಬಾಗಿಲ ಹೊರಗೆ ಇದ್ದದ್ದು ಬಿಳಿ ಕೋಣೆ. ಗೋಪುರದಿಂದ ಚಾಚಿದ ಉಕ್ಕಿನ ತೋಳಿನ ತುದಿಯಲ್ಲಿ ನೇತಾಡುವ ಒಂದು ಪೆಟ್ಟಿಗೆಯಂಥದು. ಕೆಳಗೆ ಕತ್ತಲೆ, ಜವುಗು, ಸಮುದ್ರ. ಆಚೆ ದಡದ ಕಿತ್ತಳೆ ತೋಟಗಳ ಕಡೆ ಒಂದೆರಡು ದೀಪ. ಅಲ್ಲೊಂದು ತೋಟ ಒಂದು ಕಾಲಕ್ಕೆ ಅವಳ ಅಜ್ಜಿಯದಾಗಿತ್ತು, ಈಗ ತಾಣದ ಬೇಲಿಯ ಒಳಗಿದೆ.

ಎದುರಿಗೆ ಪೆಲಿಕನ್ನಿನ ಮೈ. ಹನ್ನೆರಡು ಸಲ ಹೋಗಿ ಬಂದ ಮೈ. ಹೊಸ ನೌಕೆಯ ಹಾಗೆ ಅದು ಹೊಳೆಯುವುದಿಲ್ಲ. ಬೆಂಕಿಗೆ ಒಡ್ಡಿಕೊಂಡ ಹಂಚುಗಳು ಬೂದಿಬಣ್ಣಕ್ಕೆ ತಿರುಗಿವೆ, ಈಚೆಗೆ ಬದಲಾಯಿಸಿದವು ಕಾಡಿಗೆಯಂತೆ ಕಪ್ಪಗಿವೆ. ಯಾವ ಹಂಚು ಯಾವ ಪಯಣದಲ್ಲಿ ಸೀಳಿತು, ಯಾರು ಕೂರಿಸಿದರು ಎಂದು ಗೊತ್ತಿರುವವರು ಈ ತಾಣದಲ್ಲಿ ಬೇಕಾದಷ್ಟು ಜನ. ಕತ್ತಿನ ಹತ್ತಿರ ಹಂಚಿನ ಬದಲು ಬಿಳಿ ಕೌದಿಗಳಿವೆ, ಬಿಸಿ ತಡೆಯುವ ಕೌದಿಗಳು. ಗಾಜಿನ ನೂಲಿನಿಂದ ಅವನ್ನು ಹೊಲಿಯುವ ಹೆಂಗಸರ ಸಾಲಿನಲ್ಲಿ ಅವಳೂ ಆರು ವರ್ಷ ಕೂತಿದ್ದಳು. ಬೆರಳ ತುದಿಯೆಲ್ಲ ಒರಟಾಗಿದ್ದುದು ಆಗಲೇ. ಅಲ್ಲಿಂದ ಅವಳನ್ನು ಎಬ್ಬಿಸಿ ಮೇಲಕ್ಕೆ ಕರೆತಂದವರು ಹಾರ್ಲನ್. "ಈ ಹೆಂಗಸು ಒಂದು ಹೊಲಿಗೆ ತಪ್ಪಿದ್ರೆ ಇಡೀ ಸಾಲು ಬಿಚ್ತಾಳೆ. ನಂಗೆ ಅಂಥೋರೇ ಬೇಕು" ಎಂದಿದ್ದರಂತೆ.

ಅವರು ಕಲಿಸಿದ ಮೊದಲ ಪಾಠ ಅವಳಿಗೆ ಇನ್ನೂ ಬಾಯಿಪಾಠ. "ನಾವು ಕಳಿಸೋರಲ್ಲ ಮಿಸ್ ವರ್ಲೀನ್. ಕಳಿಸೋರು ಅಲ್ಲಿ ಗಡಿಯಾರದ ಮುಂದೆ ಕೂತಿದಾರೆ. ನಾವು ಇಳಿಸೋರು. ಇಳಿಸೋ ಕೆಲಸ ಈ ಬಾಗಿಲಲ್ಲೇ ಶುರುವಾಗುತ್ತೆ." ಅದಕ್ಕೇ ಈ ಮೂವರು ಗಗನಯಾತ್ರಿಗಳಿಗೆ ಹೋಗಿಬನ್ನಿ ಅನ್ನುವುದಿಲ್ಲ. ರನ್‌ವೇಲಿ ಸಿಗೋಣ ಅನ್ನುತ್ತಾರೆ. ಸಿಗುವುದೂ ಹೌದು. ಮೊಸಳೆಗಳನ್ನು ಓಡಿಸಿ ಖಾಲಿ ಮಾಡಿದ ಆ ಉದ್ದದ ರನ್‌ವೇಯಲ್ಲಿ ಪೆಲಿಕನ್ ಇಳಿದು ನಿಂತು, ವಿಷಗಾಳಿ ಇಲ್ಲವೆಂದು ಗೊತ್ತಾದ ಮೇಲೆ, ಮೊದಲು ಬಾಗಿಲು ತೆಗೆದು ಒಳಗೆ ಹೋಗುವವರೂ ಇವರೇ.

ಹಾರ್ಲನ್ ಕೈ ಎತ್ತಿದರು.

ಎಲ್ಲ ಸ್ತಬ್ಧವಾಯಿತು. ಅವರ ಕಣ್ಣು ವರ್ಲೀನಳ ಮುಖದ ಮೇಲೆ ನಿಂತಿತು.

ಆ ಒಂದುಸಿರಿನಲ್ಲಿ ಅವಳಿಗೆ ಎಲ್ಲವೂ ಕಂಡಿತು. ಮುಖವನ್ನು ನೆಟ್ಟಗಿಟ್ಟುಕೊಂಡರೆ ಅವರು ಕೈ ಇಳಿಸುತ್ತಾರೆ, ಬಾಗಿಲು ಮುಚ್ಚುತ್ತದೆ, ಅವರ ಕೊನೆಯ ಉಡಾವಣೆ ಗೌರವದಿಂದ ಮುಗಿಯುತ್ತದೆ. ಬಾಯಿ ಬಿಟ್ಟರೆ ಉಡಾವಣೆಯ ಎಣಿಕೆ ನಿಲ್ಲುತ್ತದೆ. ಹೊತ್ತು ಹುಟ್ಟುವ ಮುಂಚೆ ಹೊರಡದಿದ್ದರೆ ಇವತ್ತಿನ ದಾರಿ ತಪ್ಪಿತು, ನಾಲ್ವರನ್ನೂ ಬಿಚ್ಚಿ ಇಳಿಸಬೇಕು. ಬಿದ್ದದ್ದು ಅವಳು ಅಂದುಕೊಂಡದ್ದೇ ಆಗಿದ್ದರೆ ಈ ಮನುಷ್ಯನ ಮಾನ ಇಡೀ ತಾಣದ ಕಿವಿಯಲ್ಲಿ ಹೋಗುತ್ತದೆ. ಏನೂ ಬಿದ್ದಿರದಿದ್ದರೆ ಅವಳದು ಹೋಗುತ್ತದೆ. ಎಲಿಯಾಸನ ಎದೆ ಪಟ್ಟಿಯ ಕೆಳಗೆ ಮೆಲ್ಲಗೆ ಏರಿಳಿಯುತ್ತಿದ್ದದ್ದು ಬಾಗಿಲಿನಿಂದ ಕಾಣುತ್ತಿತ್ತು.

"ಒಂದು ಸದ್ದು ಬಂತು" ಅಂದಳು. ಅವಳ ಮೈಕು ತೆರೆದೇ ಇತ್ತು. "ಪಟ್ಟಿ ಬಿಗಿಯುವಾಗ. ಸೀಟುಗಳ ಹಿಂದೆ. ಏನೋ ಬಿದ್ದಿದೆ."

ಹಾರ್ಲನ್ ಏನೂ ಕೇಳಲಿಲ್ಲ. ಎತ್ತಿದ ಕೈ ಇಳಿಸದೆ, ಇನ್ನೊಂದು ಕೈಯಿಂದ ತಮ್ಮ ಮೈಕು ಹತ್ತಿರ ಎಳೆದುಕೊಂಡರು. "ಬಿಳಿ ಕೋಣೆಯಿಂದ. ಎಣಿಕೆ ನಿಲ್ಲಿಸಿ. ಒಳಗೆ ಏನೋ ಬಿದ್ದಿದೆ, ಹುಡುಕ್ತೀವಿ."

ನಿಯಂತ್ರಣ ಕೊಠಡಿಯಲ್ಲಿ ಅವತ್ತು ಮುಖ್ಯಸ್ಥ ಗ್ರೇಡಿ ಎಂಬಾತ. "ಏನು ಬಿದ್ದಿದೆ?"

"ಗೊತ್ತಿಲ್ಲ."

"ಯಾರು ನೋಡಿದ್ದು?"

"ಯಾರೂ ನೋಡಿಲ್ಲ. ವರ್ಲೀನ್ ಕೇಳಿದ್ದಾಳೆ."

"ಹಾರ್ಲನ್, ನಿಮ್ಮ ಕಿವಿಗೆ ಬಿತ್ತಾ?"

ರಸ್ಟಿ ನೆಲ ನೋಡಿದ.

"ನನಗೆ ಬೀಳಲಿಲ್ಲ" ಅಂದರು ಹಾರ್ಲನ್. "ಅವಳಿಗೆ ಬಿದ್ದಿದೆ. ಅಂದ್ಮೇಲೆ ಅದು ಅಲ್ಲಿದೆ."

ಗ್ರೇಡಿ, "ಎಣಿಕೆ ನಿಂತಿದೆ. ನಿಧಾನವಾಗೇ ನೋಡಿ" ಅಂದ. ಅವನು ಮತ್ತೇನೂ ಕೇಳಲಿಲ್ಲ. ನೂರಾರು ಜನ ಎಷ್ಟೋ ತಿಂಗಳಿಂದ ದುಡಿದು ಈ ರಾತ್ರಿಗೆ ತಂದು ನಿಲ್ಲಿಸಿದ್ದನ್ನು ಒಬ್ಬಳು ಹೊಲಿಗೆಯವಳು ಒಂದು ಸದ್ದಿನ ಮಾತಿಗೆ ನಿಲ್ಲಿಸಬಹುದು ಎನ್ನುವುದನ್ನು ಅವಳು ಕೇಳಿ ತಿಳಿದಿದ್ದಳು. ಅದು ನಿಜಕ್ಕೂ ಹಾಗೇ ನಡೆಯುತ್ತದೆ ಎಂದು ನಂಬಿಕೆ ಬಂದದ್ದು ಆಗ.

"ರೀ ಮಿಸ್ ವರ್ಲೀನ್, ಬಿದ್ದಿದ್ದು ಎಲಿಯಾಸನ ಧೈರ್ಯ ಇರ್ಬೇಕು, ಸರಿಯಾಗಿ ನೋಡಿ" ಅಂದಳು ಮಲಗಿದಲ್ಲಿಂದಲೇ ಮಾರ್ಗೋ.

"ಅದು ನಿನ್ನೆನೇ ಬಿದ್ದೋಯ್ತು ಕಮಾಂಡರ್. ಊಟದ ಮನೇಲಿ" ಅಂದ ಎಲಿಯಾಸ್.

ಹೊರಗಿನ ಮೂವರಲ್ಲಿ ಸಣ್ಣ ಮೈಯವಳು ವರ್ಲೀನಳೇ. ಹಾರ್ಲನ್ ಅವಳ ಕಾಲ್ಚೀಲದ ಮೇಲಿನ ಬಿಳಿ ಚೀಲವನ್ನು ತಾವೇ ಬದಲಿಸಿದರು. ಸೊಂಟದ ಹಗ್ಗ ಎಳೆದು ನೋಡಿದರು. "ಆತುರ ಮಾಡ್ಬೇಡ ಮಗಳೇ. ಗಡಿಯಾರ ಅವರದು, ನಿಂದಲ್ಲ." ಮಗಳೇ ಎಂದು ಕರೆದದ್ದು ಅದೇ ಮೊದಲು.

ಎಲಿಯಾಸನ ಸೀಟಿನ ಪಕ್ಕದಲ್ಲಿ ತಲೆಕೆಳಗಾಗಿ ಇಳಿದಳು. ಒಂದು ಕೈಯಲ್ಲಿ ಟಾರ್ಚು, ಒಂದು ಕೈಯಲ್ಲಿ ಕನ್ನಡಿಯ ಕೋಲು. ತಲೆಗೆ ರಕ್ತ ಇಳಿಯಿತು. ಒಳಗೆ ಸುಟ್ಟ ವಾಸನೆಯ ಒಂದು ಎಳೆ ಇತ್ತು. ಎಷ್ಟು ತೊಳೆದರೂ ಹೋಗದ, ಮೇಲಿನಿಂದ ಪೆಲಿಕನ್ ಹೊತ್ತು ತರುವ ವಾಸನೆ. ಕನ್ನಡಿಯಲ್ಲಿ ಸೀಟಿನ ಕಾಲು ಕಂಡಿತು, ನಳಿಕೆ ಕಂಡಿತು, ತಂತಿಗಳ ಕಟ್ಟು ಕಂಡಿತು. ಒಂದೊಂದು ಕಟ್ಟಿನ ಹಿಂದೆಯೂ ಬೆಳಕು ಬಿಟ್ಟಳು. ಏನೂ ಇಲ್ಲ. ಮತ್ತೊಮ್ಮೆ ಮೇಲಿನಿಂದ ಶುರು ಮಾಡಿದಳು.

ಹಿಂದಿನ ಗೋಡೆಗೆ ಹೊದಿಸಿದ ಕೌದಿಯ ಒಂದು ಹೊಲಿಗೆಯ ಕಾಲುವೆಯಲ್ಲಿ ಅದು ಮಲಗಿತ್ತು. ತೊಗರಿಬೇಳೆಯಷ್ಟಿತ್ತು, ಬೆಳ್ಳಿಯಂತೆ ಹೊಳೆಯಿತು. ಮಿಷನ್ನಿನ ಸೆಲ್ಲು. ಹೆಡ್‌ಫೋನು ಉಜ್ಜಿದಾಗ ಕಳಚಿ ಸೀಟಿನ ಅಂಚಿನಲ್ಲಿ ಸಿಕ್ಕಿಕೊಂಡದ್ದು, ಪಟ್ಟಿ ಬಿಗಿಯುವಾಗ ಜಾರಿ ಸೀಟಿನ ಕಾಲಿಗೆ ತಾಗಿ ಬಿದ್ದಿರಬೇಕು.

ಹೊಲಿಗೆ ಬಿಗಿಯಾಗಿದ್ದದ್ದಕ್ಕೆ ಅದು ಅಲ್ಲೇ ನಿಂತಿತ್ತು. ಒಂದು ಬೆರಳು ಆಚೆ ಉರುಳಿದ್ದರೆ ತಂತಿಯ ಕಟ್ಟಿನೊಳಗೆ ಇಳಿದುಹೋಗುತ್ತಿತ್ತು.

ಅಂಟುಪಟ್ಟಿ ಸುತ್ತಿದ ಕಡ್ಡಿಯಿಂದ ಅದನ್ನು ಎತ್ತಿಕೊಂಡಳು. ಆ ಕತ್ತಲಲ್ಲಿ ಅದನ್ನು ನೋಡುತ್ತಿದ್ದವಳು ಅವಳೊಬ್ಬಳೇ. ಮುಷ್ಟಿ ಮುಚ್ಚಿದರೆ ಆಯಿತು. ಏನೂ ಸಿಗಲಿಲ್ಲ, ನನ್ನ ಭ್ರಮೆ ಅಂದರೆ ಆಯಿತು. ನಗುತ್ತಾರೆ, ನಗಲಿ. ನಕ್ಕರೆ ಅವಳು ಸಾಯುವುದಿಲ್ಲ. ಹಾಗೆಂದು ನಿಜವಾಗಿಯೂ ಯೋಚಿಸಿದಳು. ಆದರೆ ಇಲ್ಲಿ ಸುಳ್ಳು ಹೇಳಿ ಬಾಗಿಲು ಮುಚ್ಚಿದವಳು, ಇಳಿದ ದಿನ ಯಾವ ಮುಖ ಹೊತ್ತು ಅದೇ ಬಾಗಿಲು ತೆಗೆಯುವುದು? ಅಲ್ಲದೆ ಆ ಮನುಷ್ಯ, ತನ್ನ ಕಿವಿಗೆ ಬೀಳದ ಸದ್ದನ್ನು ಅವಳ ಮಾತಿನ ಮೇಲೆ ಇದೆ ಎಂದಿದ್ದರು.

"ಸಿಕ್ಕಿತು" ಅಂದಳು.

ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಅದನ್ನಿಟ್ಟಾಗ ರಸ್ಟಿ ಬಗ್ಗಿ ನೋಡಿದ. "ಇದೇನಿದು, ಗಡಿಯಾರದ ಸೆಲ್ಲಾ? ದೇವರಾಣೆಗೂ ನಂದಲ್ಲಪ್ಪ. ನನ್ನ ಗಡಿಯಾರ ಕೆಳಗೆ ಡಬ್ಬೀಲಿದೆ."

ಹಾರ್ಲನ್ ತಟ್ಟೆಯನ್ನೇ ನೋಡುತ್ತ ನಿಂತರು. ಆಮೇಲೆ ಟೋಪಿ ತೆಗೆದರು. ಎಡಗಿವಿಯಿಂದ ಮಿಷನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು. ಅದರ ಪುಟ್ಟ ಮುಚ್ಚಳ ತೆರೆದಿತ್ತು, ಒಳಗೆ ಖಾಲಿ.

ವರ್ಲೀನ್ ತಲೆ ತಗ್ಗಿಸಿದಳು. ಈಗ ಅವರು ಅವಳ ಕಡೆ ಒಂದು ನೋಟ ನೋಡಿದ್ದರೂ ಸಾಕಿತ್ತು, ಏನು ಹೇಳು ಎಂದರೂ ಅವಳು ಹೇಳುತ್ತಿದ್ದಳು. ಅವರು ಅವಳ ಕಡೆ ನೋಡಲಿಲ್ಲ. ಮೈಕಿನ ಗುಂಡಿ ಒತ್ತಿದರು.

"ಗ್ರೇಡಿ, ಹಾರ್ಲನ್ ಮಾತಾಡ್ತಿರೋದು. ಬಿದ್ದ ವಸ್ತು ಸಿಕ್ಕಿದೆ. ಒಂದು ಸೆಲ್ಲು. ನಂದು. ನನ್ನ ಎಡಗಿವಿ ಹೋಗಿ ಕೆಲವು ತಿಂಗಳಾಯ್ತು. ಮಿಷನ್ ಹಾಕ್ಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಅದನ್ನ ಕಟ್ಟದೆ ಒಳಗೆ ತಂದೆ. ಬೇರೆ ಯಾರು ತಂದಿದ್ರೂ ನಾನೇ ಕೆಳಗೆ ಕಳಿಸ್ತಿದ್ದೆ." ಮಿಷನ್ನನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಒಂದೇ ಸೆಲ್ಲು ಇದ್ದದ್ದು, ಮುಚ್ಚಳ ಇಲ್ಲೇ ಇದೆ. ಬೇರೇನೂ ಬಿದ್ದಿಲ್ಲ. ಬಾಗಿಲು ಮುಚ್ಚೋ ಮಾತು ಇನ್ನು ವರ್ಲೀನ್ ಹೇಳ್ತಾಳೆ. ಈ ರಾತ್ರಿ ಕೇಳಿಸ್ಕೊಂಡಿರೋಳು ಅವಳೇ."

ಇಡೀ ತಾಣ ಇದನ್ನು ಕೇಳುತ್ತಿತ್ತು.

"ಸರಿ ಹಾರ್ಲನ್" ಅಂದ ಗ್ರೇಡಿ, ತುಂಬ ಮೆತ್ತಗೆ. "ಇದರ ಮಾತು ಆಮೇಲೆ ಆಡೋಣ. ಮಿಸ್ ವರ್ಲೀನ್, ಒಳಗೆ ಇನ್ನೊಂದು ಸಲ ಪೂರ್ತಿ ನೋಡಿ. ನೀವು ಮುಗೀತು ಅಂದಾಗ ಮುಗೀತು."

ಒಳಗಿನಿಂದ ಮಾರ್ಗೋ ಕೂಗಿದಳು. "ಮಿಸ್ಟರ್ ಹಾರ್ಲನ್, ಕೇಳಿಸ್ತಾ ಇದ್ಯಾ?"

"ನೀವು ಕಿರುಚಿದ್ರೆ ಮಿಯಾಮಿಗೂ ಕೇಳಿಸುತ್ತೆ ಕಮಾಂಡರ್."

"ನನ್ನ ಹೆಲ್ಮೆಟ್ ನೀವೇ ಮುಚ್ಬೇಕು. ಬೇರೆ ಯಾರಾದ್ರೂ ಬಂದ್ರೆ ಕಚ್ತೀನಿ."

ಹಾರ್ಲನ್ ಮಿಷನ್ನನ್ನೂ ಸೆಲ್ಲನ್ನೂ ರಸ್ಟಿಯ ಚೀಲಕ್ಕೆ ಹಾಕಿ ಬಾಯಿ ಕಟ್ಟಿಸಿದರು. ಟೋಪಿ ಹಾಕಿಕೊಂಡು ಬಾಗಿಲಿಗೆ ಬಗ್ಗಿದರು. ಅವರ ಕೈ ನಡುಗುತ್ತಿರಲಿಲ್ಲ. ಈ ಮನುಷ್ಯನಿಗೆ ಭಯ ಎನ್ನುವುದನ್ನು ದೇವರು ಕೊಟ್ಟೇ ಇಲ್ಲ ಎಂದು ವರ್ಲೀನ್ ಆಗ ಇನ್ನೊಮ್ಮೆ ಅಂದುಕೊಂಡಳು. ತನಗೆ ಮಾತ್ರ ಎಲ್ಲರ ಪಾಲಿನದನ್ನೂ ಸೇರಿಸಿ ಕೊಟ್ಟಿದ್ದಾನೆ.

ಅವಳು ಮತ್ತೆ ಇಳಿದು ನೋಡಿದಳು. ಹೊರಗೆ ಬಂದು ತಾನೇ ಕೈ ಎತ್ತಿದಳು. ಮೌನ. ಫ್ಯಾನಿನ ಗುಂಯ್, ಪಂಪಿನ ಮೆಲುದನಿ. ಎಷ್ಟು ಹೊತ್ತು ಕೇಳುತ್ತ ನಿಂತಳೆಂದರೆ ಉಸಿರು ಹಿಡಿದಿದ್ದ ರಸ್ಟಿಯ ಮುಖ ಕೆಂಪಾಯಿತು.

"ಅವಳು ಸರಿಯಾಗಿದ್ದಾಳೆ" ಅಂದಳು. ಹಾರ್ಲನ್ ಹೇಳುತ್ತಿದ್ದ ಮಾತೇ ಅದು. "ಒಳಗೆ ಶುಚಿ. ಬಾಗಿಲು ಮುಚ್ತಿದ್ದೀವಿ. ರನ್‌ವೇಲಿ ಸಿಗೋಣ ಕಮಾಂಡರ್. ಎಲಿಯಾಸ್, ರನ್‌ವೇಲಿ ಸಿಗೋಣ."

"ಸಿಗೋಣ" ಅಂದರು ನಾಲ್ವರೂ.

ಗೋಪುರದಿಂದ ಇಳಿದು ಮೂವರೂ ವ್ಯಾನು ಹತ್ತಿ ಮೂರು ಮೈಲಿ ಆಚೆ, ಕಾಲುವೆಯ ಏರಿಯ ಮೇಲೆ ಕಾಯುವ ಜಾಗಕ್ಕೆ ಬಂದರು. ತುರ್ತು ಬಂದರೆ ವಾಪಸು ಓಡಬೇಕಾದವರು ಅಲ್ಲಿರಬೇಕು. ಪೂರ್ವದಲ್ಲಿ ಆಕಾಶ ಆಗಲೇ ಮಾಸಲಾಗಿತ್ತು. ನಿಂತ ಕೂಡಲೇ ಹಾರ್ಲನ್ ಇಳಿದು ಏರಿಯ ಗುಂಟ ಒಬ್ಬರೇ ನಡೆದರು.

ಇದು ಹೊಸದೇನಲ್ಲ. ಪ್ರತಿ ಉಡಾವಣೆಗೂ ಅವರು ಹೀಗೇ ಒಬ್ಬರೇ ಹೋಗಿ ನಿಲ್ಲುವುದು. ಯಾರೂ ಹಿಂದೆ ಹೋಗುವಂತಿಲ್ಲ. ಅಲ್ಲೇನು ಮಾಡುತ್ತಾರೆ ಎಂದು ಹುಡುಗರಲ್ಲಿ ಪಂದ್ಯವೇ ಇತ್ತು. ಪ್ರಾರ್ಥನೆ ಅನ್ನುವವರು ಕೆಲವರು. ಕಾಲ್ಚೀಲದಲ್ಲಿ ಸಣ್ಣ ಬಾಟಲಿ ಇದೆ ಅನ್ನುವವನು ರಸ್ಟಿ.

"ನೀನು ಹೋಗು" ಅಂದ ಈಗ ರಸ್ಟಿ, ರೇಡಿಯೊ ಹಿಡಿದುಕೊಂಡು. "ಇವತ್ತು ಅವರೊಬ್ಬರೇ ಇರಬಾರ್ದು. ನಾನು ಹೋದ್ರೆ ಏನಾದ್ರೂ ತಮಾಷೆ ಮಾಡಿಬಿಡ್ತೀನಿ."

ಅವಳು ಹೋದಳು. ಹಾರ್ಲನ್ ಗೋಪುರಕ್ಕೆ ಬೆನ್ನು ಹಾಕಿ, ನೀರು ನೋಡುತ್ತ ನಿಂತಿದ್ದರು. ಹೆಜ್ಜೆ ಸದ್ದು ಅವರಿಗೆ ಕೇಳಿಸಲಿಲ್ಲ. ಬಲಗಡೆಗೆ ಬಂದು ನಿಂತಳು.

"ಮಿಸ್ಟರ್ ಹಾರ್ಲನ್, ನಂಗೆ ಗೊತ್ತಿತ್ತು. ಕಿವಿ ವಿಷಯ. ಆಗ್ಲೇ ನಿಮ್ಮತ್ರ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು" ಅಂದರು ಅವರು. ಬೈಗುಳ ಅಷ್ಟೇ. "ನಾನೂ ಹೇಳ್ಬೇಕಿತ್ತು. ಇಬ್ಬರೂ ಒಂದೇ ಜಾತಿ ಪೆದ್ದರು. ಎಷ್ಟು ಹೊತ್ತಿದೆ?"

"ಈಗ ಹೊರಡುತ್ತೆ."

"ಮಿಸ್ ವರ್ಲೀನ್, ನಾನು ಒಂದೂ ನೋಡಿಲ್ಲ."

"ಏನನ್ನ?"

"ಇದನ್ನ. ಹೊರಡೋದನ್ನ. ಒಂದು ಸಲಾನೂ ನೋಡಿಲ್ಲ." ಅವರು ನೀರಿನ ಕಡೆಯೇ ಮುಖ ಇಟ್ಟುಕೊಂಡು ಹೇಳಿದರು. "ಬೆನ್ನು ಹಾಕಿ ನಿಲ್ತೀನಿ, ಕಣ್ಣು ಮುಚ್ಕೊಂಡು ಸದ್ದು ಕೇಳ್ತೀನಿ. ಸದ್ದು ಸರಿ ಇದ್ರೆ ಅವರು ಸರಿ ಇದ್ದಾರೆ ಅಂತ ಗೊತ್ತಾಗೋದು. ತಿರುಗಿ ನೋಡೋಕೆ ಧೈರ್ಯ ಬರಲಿಲ್ಲ. ಅವರ ಪಟ್ಟಿ ಬಿಗಿದ ಕೈ ಇದು. ನಾನು ನೋಡೋ ಹೊತ್ತಿಗೆ ಏನಾದ್ರೂ ಆಗ್ಬಿಟ್ರೆ..." ಅವರು ಎಡಗಿವಿ ಮುಟ್ಟಿಕೊಂಡರು. "ಇವತ್ತು ಈ ಕಿವೀನ ನಂಬೋ ಹಾಗಿಲ್ಲ."

ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗುವವಳು, ಕೈ ಚಾಚಿದಳು. ಅವರು ಹಿಡಿದುಕೊಂಡರು. ಮೊದಲ ದಿನ ಶಾಲೆಯ ಬಾಗಿಲಲ್ಲಿ ಮಕ್ಕಳು ಹಿಡಿಯುವ ಹಾಗೆ, ಮೂಳೆ ನೋಯುವಷ್ಟು ಬಿಗಿಯಾಗಿ.

"ತಿರುಗಿ" ಅಂದಳು.

ತಿರುಗಿದರು.

ಮೊದಲು ಬೆಳಕು. ಜವುಗಿನ ಹುಲ್ಲಿನ ಒಂದೊಂದು ಎಸಳಿಗೂ ನೆರಳು ಬಂತು. ಕೊಕ್ಕರೆಗಳು ಒಂದೇ ಏಟಿಗೆ ಎದ್ದವು. ಪೆಲಿಕನ್ ಗೋಪುರದ ಪಕ್ಕದಲ್ಲಿ ಮೆಲ್ಲಗೆ, ಎದ್ದಳೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಏಳತೊಡಗಿದಳು. ಸದ್ದು ಆಮೇಲೆ ಬಂತು. ಕಿವಿಗಿಂತ ಮುಂಚೆ ಎದೆಗೂಡಿಗೆ, ಕಾಲಿನ ಕೆಳಗಿನ ಮಣ್ಣಿಗೆ. ತೇಪೆ ಹಾಕಿದ ಮೈ, ಬೂದಿ ಹಂಚು ಕಪ್ಪು ಹಂಚು, ಗಾಜಿನ ನೂಲಿನ ಕೌದಿ, ಒಳಗೆ ನಾಲ್ಕು ಜನ. ಎಲ್ಲವನ್ನೂ ಹೊತ್ತು, ಬೆಂಕಿಯ ಮೇಲೆ ನಿಂತು, ನೆಟ್ಟಗೆ.

ಹಾರ್ಲನ್ ಬಾಯಲ್ಲಿ ಏನೋ ಹೇಳುತ್ತಿದ್ದರು. ಅವಳು ಕಿವಿಗೊಟ್ಟು ಕೇಳಿದಳು. ಮಾರ್ಗೋ. ಎಲಿಯಾಸ್. ಉಳಿದಿಬ್ಬರ ಹೆಸರು. ಮತ್ತೆ ಮಾರ್ಗೋ. ಕಣ್ಣಿನಿಂದ ನೀರು ಬಿಳಿ ಕೊರಳಪಟ್ಟಿಗೆ ಇಳಿಯುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ, ಕಣ್ಣು ಮಿಟುಕಿಸಲೂ ಇಲ್ಲ. ಬೆಳಕು ಚಿಕ್ಕದಾಯಿತು, ಚುಕ್ಕಿಯಾಯಿತು, ಹೊಗೆಯ ಕಂಬಕ್ಕೆ ಹುಟ್ಟುವ ಸೂರ್ಯನ ಕೆಂಪು ಹತ್ತಿತು. ಆಗ ಆ ಎತ್ತರದ ಮನುಷ್ಯ ಹುಲ್ಲಿನ ಮೇಲೆ ಕುಸಿದು ಕೂತರು.

"ಹೋದಳಾ?"

"ಹೋದಳು. ಚೆನ್ನಾಗಿ ಹೋದಳು."

"ಸದ್ದು?"

"ಸರಿಯಾಗಿತ್ತು ಮಿಸ್ಟರ್ ಹಾರ್ಲನ್. ಮೊದಲಿಂದ ಕೊನೇ ತನಕ ಸರಿಯಾಗಿತ್ತು."

"ಎಂಥಾ ಚಂದ ಇದ್ದಾಳೆ" ಅಂದರು ಅವರು. "ಇಷ್ಟು ಚಂದ ಇದ್ದಾಳೆ ಅಂತ ಯಾರಾದ್ರೂ ಹೇಳ್ಬಾರ್ದಾ ನಂಗೆ?" ಹಾಗೆಂದು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ವರ್ಲೀನ್ ಪಕ್ಕದಲ್ಲಿ ಕೂತಳು. ಅವರ ಕೈ ಬಿಡಲಿಲ್ಲ.

ಉಡಾವಣೆಯ ಬೆಳಿಗ್ಗೆ ಊಟದ ಮನೆಯಲ್ಲಿ ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ಡು. ಹಂಡೆಯಿಂದ ಹಬೆ ಏಳುತ್ತಿತ್ತು, ಸಾಲು ಬಾಗಿಲಾಚೆಗೂ ಇತ್ತು. ಹಾರ್ಲನ್ ಒಳಗೆ ಬಂದಾಗ ಗ್ರೇಡಿ ಎದ್ದು ಬಂದು ತನ್ನ ತಟ್ಟೆಯನ್ನು ಅವರ ಕೈಗೆ ಕೊಟ್ಟು, ಏನೂ ಹೇಳದೆ ಮತ್ತೆ ಸಾಲಿನ ತುದಿಗೆ ಹೋಗಿ ನಿಂತ. ಅವರ ಕಿವಿಯ ವಿಚಾರಣೆ ನಾಳೆಗೆ ಇತ್ತು. ಅದು ಇದ್ದೇ ಇರುತ್ತದೆ, ಇರಲೂಬೇಕು. ಇನ್ನು ಎರಡು ವಾರಕ್ಕೆ ಪೆಲಿಕನ್ ಇಳಿಯುವಾಗ ಬಾಗಿಲು ತೆರೆಯುವವಳು ವರ್ಲೀನ್ ಎಂದು ಆಗಲೇ ಎಲ್ಲರಿಗೂ ಗೊತ್ತಾಗಿತ್ತು.

ರಸ್ಟಿ ಬ್ರೆಡ್ಡು ಕಾಳಿನಲ್ಲಿ ಅದ್ದುತ್ತ ಅವಳ ಹತ್ತಿರ ಸರಿದ. ಅವನ ಹಿಂದೆ ಐದಾರು ಹುಡುಗರ ಕಿವಿಗಳೂ ನೆಟ್ಟಗಾಗಿದ್ದವು.

"ಹೇಳೇ ಮಾರಾಯ್ತಿ. ಪ್ರಾರ್ಥನೇನಾ, ಬಾಟ್ಲಿನಾ? ಅಲ್ಲಿ ಏನು ಮಾಡಿದ್ರು?"

ವರ್ಲೀನ್ ಆಚೆ ಮೇಜಿನ ಕಡೆ ನೋಡಿದಳು. ಹಾರ್ಲನ್ ಬಲಗಡೆ ತಿರುಗಿ ಕೂತು, ಅಡುಗೆಯವಳನ್ನು ಯಾವುದೋ ಮಾತಿಗೆ ನಗಿಸುತ್ತಿದ್ದರು. ಅವಳ ಅಂಗೈಯಲ್ಲಿ ಅವರ ಬೆರಳುಗಳ ಗುರುತು ಇನ್ನೂ ಕೆಂಪಗಿತ್ತು. ಕೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡಳು.

"ನಿಂತಿದ್ರು" ಅಂದಳು. "ನೋಡಿದ್ರು. ಇನ್ನೇನು ಮಾಡ್ತಾರೆ?"

"ಅಷ್ಟೇನಾ?"

"ಅಷ್ಟೇ. ಆ ಬ್ರೆಡ್ಡು ಈ ಕಡೆ ತಳ್ಳು."

ರಸ್ಟಿ ಗೊಣಗಿಕೊಂಡು ತಳ್ಳಿದ. ಕಂಡದ್ದನ್ನು, ಕೇಳಿದ್ದನ್ನು ಬಿಡದೆ ಹೇಳುವುದೇ ಅವಳ ಕೆಲಸ. ಈ ರಾತ್ರಿ ಅದನ್ನು ಮಾಡಿಯೂ ಆಗಿತ್ತು. ಏರಿಯ ಮೇಲಿನದು ಬೇರೆ, ಅದರಿಂದ ಮೇಲಿರುವ ನಾಲ್ವರಿಗೆ ಏನೂ ಆಗಬೇಕಿಲ್ಲ. ಅದನ್ನು ತಾಯಿಗೂ ಹೇಳುವುದಿಲ್ಲ, ಇಳಿದು ಬಂದ ಮೇಲೆ ಮಾರ್ಗೋ ಕೇಳಿದರೂ ಹೇಳುವುದಿಲ್ಲ ಎಂದು ಬ್ರೆಡ್ಡು ಮುರಿಯುತ್ತ ನಿಶ್ಚಯಿಸಿಕೊಂಡಳು.